ಕೊಕ್ಕರೆ ರೋಗವೋ, ಹಕ್ಕಿಜ್ವರವೋ? ಪತ್ತೆ ಮಾಡುವ ಬಗೆ

ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಕೋಳಿಯ ವಿಷಯವೇಕೆ ಎಂದು ಕೆಲವು ಸದಸ್ಯರು ಕೇಳಬಹುದು. ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆಯಿರಲಿ, ಬೇಲೂರಿನ ಮಲೆನಾಡು ಮಗ್ಗುಲಿನ ಕಾಫಿ ತೋಟದ ಮನೆಯಿರಲಿ, ಹಳೇಬೀಡು ಸುತ್ತಿನ ರಾಗಿ, ಜೋಳ ಬೆಳೆಯುವ ಊರುಗಳಿರಲಿ, ಎರಡು ಹಸು ಕಟ್ಟಿರುವ ಮನೆಯ ಹಿತ್ತಲಲ್ಲಿ ಎಂಟು ಹತ್ತು ನಾಟಿ ಕೋಳಿ ಇದ್ದೇ ಇರುತ್ತವೆ. ಹಾಲಿನ ಹಣ ಬಟವಾಡೆಯ ದಿನ ಬರುತ್ತದೆ. ಆ ನಡುವೆ ಮಗುವಿಗೆ ಜ್ವರ ಬಂದಾಗ, ಮನೆಗೆ ನೆಂಟರು ಬಂದಾಗ, ಕೈಗೆ ಸಿಗುವುದು ಕೋಳಿಯ ಹಣ. ಅದೂ ಮನೆಯ ಹೆಣ್ಣುಮಕ್ಕಳ ಕೈಗೆ ನೇರವಾಗಿ ಸೇರುವ ಹಣ. ಬೇಲೂರು, ಹಳೇಬೀಡಿಗೆ ಬರುವ ಪ್ರವಾಸಿಗರ ದೆಸೆಯಿಂದ ಈಗ ನಾಟಿ ಕೋಳಿಗೆ ಒಳ್ಳೆಯ ಬೇಡಿಕೆಯೂ ಇದೆ. ಇಂತಹ ಆಸ್ತಿ ನಾಲ್ಕು ದಿನದಲ್ಲಿ ಗೂಡು ಖಾಲಿಯಾಗಿ ಹೋಗುವುದನ್ನು ನಾವು ಪ್ರತಿ ಬೇಸಿಗೆಯಲ್ಲೂ ನೋಡುತ್ತಿದ್ದೇವೆ.

ಹಳೇಬೀಡು ಹೋಬಳಿಯ ಒಂದು ಸಂಘಕ್ಕೆ ಬೆಳಗಿನ ಹಾಲಿನ ಹೊತ್ತಿಗೆ ಹೋಗಿದ್ದಾಗ ಸದಸ್ಯೆಯೊಬ್ಬರು ಒಂದು ಪ್ಲಾಸ್ಟಿಕ್ ಚೀಲ ತಂದು ಮುಂದಿಟ್ಟರು. "ಡಾಕ್ಟ್ರೇ, ಕೊಕ್ಕರೆ ಬಂದೈತೆ, ಏನಾದ್ರೂ ಪುಡಿ ಕೊಡಿ" ಎಂದರು. ಚೀಲದಲ್ಲಿ ಹಿಂದಿನ ದಿನ ಮಧ್ಯಾಹ್ನ ಸತ್ತ ಹೇಂಟೆ ಇತ್ತು, ಆಗಲೇ ವಾಸನೆ ಹೊಡೆಯುತ್ತಿತ್ತು. ಹದಿನಾಲ್ಕರಲ್ಲಿ ಒಂಬತ್ತು ಸತ್ತಿದ್ದವು. ಉಳಿದ ಐದು ಎಲ್ಲಿ ತಾಯಿ ಎಂದು ಕೇಳಿದೆ. ಎರಡು ತೂಕಡಿಸುತ್ತಿವೆ, ಮೂರನ್ನು ಮನೆಯವರು ನೆನ್ನೆ ಸಂತೆಗೆ ಹೊಡೆದರು ಎಂದು ಹೇಳಿದರು. ಕೊಕ್ಕರೆ ರೋಗ ಎಂದು ಯಾರು ಹೇಳಿದರು ಎಂದರೆ, "ಯಾರು ಹೇಳ್ಬೇಕು, ಗೊರ ಗೊರ ಅಂತಿದ್ವಲ್ಲ" ಎಂಬ ಉತ್ತರ ಬಂತು.

ಈ ಲೇಖನ ಬರೆಯಲು ಕಾರಣ ಆ ಉತ್ತರವೇ. ಅವರನ್ನು ದೂರುವುದಕ್ಕೆ ನನಗೆ ಬಾಯಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೇಲೂರು ಕಡೆಯ ಹಳ್ಳಿಯೊಂದರಲ್ಲಿ ನಾನೂ ಗೊರಕೆ ಕೇಳಿ ಶೀತವೆಂದು ತಿಳಿದು ಆಂಟಿಬಯಾಟಿಕ್ ಪುಡಿ ಬರೆದುಕೊಟ್ಟು ಬಂದಿದ್ದೆ. ವಾರ ಕಳೆದು ಹೋದಾಗ ಆ ಕೇರಿಯಲ್ಲಿ ಹುಂಜದ ಕೂಗೇ ಇರಲಿಲ್ಲ. ಮಾದರಿ ಕಳಿಸಿರಲಿಲ್ಲವಾದ್ದರಿಂದ ಅದು ಏನೆಂದು ಇವತ್ತಿಗೂ ಹೇಳಲಾರೆ.

ನೋಟಕ್ಕೆ ಒಂದೇ, ಒಳಗೆ ಬೇರೆ

ಡೇರಿಗೆ ಹಾಲು ಹಾಕುವ ನಿಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಹಾಲಿನ ಬಣ್ಣ ನೋಡಿ ಫ್ಯಾಟ್ ಎಷ್ಟು ಎಂದು ಹೇಳಲಾಗುವುದಿಲ್ಲ. ಎರಡು ಕ್ಯಾನಿನ ಹಾಲೂ ಬೆಳ್ಳಗೇ ಇರುತ್ತದೆ. ಯಂತ್ರಕ್ಕೆ ಹಾಕಿದರೆ ಒಂದು 3.5, ಇನ್ನೊಂದು 4.5 ಬರುತ್ತದೆ. ಕೋಳಿಯ ಗೊರಕೆಯೂ ಹಾಗೆಯೇ. ಬಾಯಿ ತೆರೆದು ಉಸಿರಾಡುವುದು, ಗಂಟಲಲ್ಲಿ ಗೊರ ಗೊರ ಶಬ್ದ, ಮೂಗಿನಲ್ಲಿ ಸಿಂಬಳ, ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುವುದು, ಇವಿಷ್ಟು ಹಲವು ರೋಗಗಳಿಗೆ ಸಮಾನ ಲಕ್ಷಣ.

ಇವುಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ದೀರ್ಘಕಾಲದ ಶೀತ, ಮುಖ ಊದಿ ಕೆಟ್ಟ ವಾಸನೆ ಬರುವ ಕೊರೈಜಾ, ಇವೆರಡಕ್ಕೂ ಔಷಧಿ ಉಂಟು. ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್ ಎಂಬುದು ಕರೋನಾ ಜಾತಿಯ ವೈರಾಣುವಿನಿಂದ ಬರುತ್ತದೆ. ಇದನ್ನು 1931ರಲ್ಲೇ ಅಮೆರಿಕದಲ್ಲಿ ವರ್ಣಿಸಲಾಗಿತ್ತು. ಮೊಟ್ಟೆ ಕೋಳಿ ಫಾರಂನವರಿಗೆ ಇದರಿಂದ ಹೆಚ್ಚಿನ ನಷ್ಟ. ಹಿತ್ತಲ ಕೋಳಿಯ ಮಟ್ಟಿಗೆ ಇದನ್ನು ಇಲ್ಲಿಗೇ ಬಿಡೋಣ.

ಮುಖ್ಯವಾದವು ಎರಡು. ಒಂದು, ನಾವು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗ. ಇನ್ನೊಂದು ಹಕ್ಕಿಜ್ವರ. ರಾಣಿಖೇತ್ ಎಂಬುದು ಉತ್ತರಾಖಂಡದ ಒಂದು ಬೆಟ್ಟದೂರಿನ ಹೆಸರು. 1920ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಈ ರೋಗ ಅಲ್ಲಿ ಗುರುತಿಸಲ್ಪಟ್ಟಿತು. ಅದಕ್ಕೂ ಸ್ವಲ್ಪ ಮೊದಲು, 1926ರಲ್ಲಿ, ಜಾವಾ ದ್ವೀಪದಲ್ಲೂ ಇಂಗ್ಲೆಂಡಿನ ನ್ಯೂಕಾಸಲ್ ಎಂಬ ಬಂದರು ಪಟ್ಟಣದ ಬಳಿಯೂ ಕಂಡಿದ್ದರಿಂದ ಪರದೇಶದವರು ಇದನ್ನು ನ್ಯೂಕಾಸಲ್ ರೋಗವೆನ್ನುತ್ತಾರೆ. ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಕಾಲು ಬೀಳುವುದು ಇದರ ಗುರುತು ಎಂದು ನಾವು ಪಾಠದಲ್ಲಿ ಓದಿದ್ದೇವೆ. ಆದರೆ ತೀವ್ರವಾಗಿ ಬಂದಾಗ ಕತ್ತು ತಿರುಚಲು ಸಮಯವೇ ಇರುವುದಿಲ್ಲ, ರಾತ್ರಿ ಗೂಡಿಗೆ ಹೋದ ಕೋಳಿ ಬೆಳಗ್ಗೆ ಸತ್ತಿರುತ್ತದೆ. ಹಕ್ಕಿಜ್ವರದಲ್ಲೂ ಹೀಗೆಯೇ ಆಗುತ್ತದೆ. ಜುಟ್ಟು ನೀಲಿಯಾಗುವುದು, ಮುಖ ಊದುವುದು, ಕಾಲಿನ ಮೇಲೆ ರಕ್ತದ ಕಲೆ ಬರುವುದು ಹಕ್ಕಿಜ್ವರದಲ್ಲಿ ಹೆಚ್ಚು ಎಂಬುದು ನಿಜ. ಆದರೂ ಬರೀ ಕಣ್ಣಿನಿಂದ ನೋಡಿ ಇದು ಇದೇ ಎಂದು ಆಣೆ ಮಾಡಿ ಹೇಳುವ ಪಶುವೈದ್ಯರನ್ನು ನಾನು ಕಂಡಿಲ್ಲ.

ರಾಣಿಖೇತ್ ಆದರೆ ಉಳಿದ ಊರಿನ ಕೋಳಿಗಳಿಗೆ ಲಸಿಕೆ ಹಾಕಿಸಬೇಕು. ಹಕ್ಕಿಜ್ವರವಾದರೆ ಸರ್ಕಾರವೇ ಬಂದು ಸುತ್ತಲಿನ ಕೋಳಿಗಳನ್ನು ತೆಗೆಯಬೇಕು. ಮಾಡಬೇಕಾದ ಕೆಲಸ ಪೂರ್ತಿ ಬೇರೆಯಾದ್ದರಿಂದ ಹೆಸರು ಸರಿಯಾಗಿ ತಿಳಿಯುವುದು ಅಗತ್ಯ.

ಮೊಟ್ಟೆಯಲ್ಲಿ ಹೆಪ್ಪು

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ತಿಳಿಸುತ್ತೇನೆ. ಮಾದರಿ ಕೊಟ್ಟವರಿಗೆ ಅದು ಎಲ್ಲಿಗೆ ಹೋಯಿತು, ಏನಾಯಿತು ಎಂದು ಯಾರೂ ಹೇಳುವುದಿಲ್ಲ ಎಂಬ ದೂರು ನಮ್ಮ ಮೇಲಿದೆ. ಅದು ನ್ಯಾಯವಾದ ದೂರು.

ಕೋಳಿಯ ಗಂಟಲು ಮತ್ತು ಗುದದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆದ ಅಂಶ, ಸತ್ತ ಕೋಳಿಯಾದರೆ ಶ್ವಾಸನಾಳ, ಗುಲ್ಮ, ಮೆದುಳು ಮುಂತಾದ ಭಾಗಗಳ ಚೂರು, ಇವು ಮಾದರಿ. ಅದರಲ್ಲಿ ವೈರಾಣು ಇದ್ದರೂ ಅತ್ಯಲ್ಪವಾಗಿರುತ್ತದೆ. ವೈರಾಣು ತಾನಾಗಿ ಬೆಳೆಯುವುದಿಲ್ಲ, ಅದಕ್ಕೆ ಜೀವಕೋಶ ಬೇಕು. ಆದುದರಿಂದ 9ರಿಂದ 11 ದಿನ ಕಾವು ಕೊಟ್ಟು ಒಳಗೆ ಮರಿ ಕಟ್ಟುತ್ತಿರುವ ಮೊಟ್ಟೆಗೆ ಸಣ್ಣ ತೂತು ಮಾಡಿ, ಮಾದರಿಯ ದ್ರವವನ್ನು ಚುಚ್ಚಿ, ತೂತಿಗೆ ಮೇಣ ಹಚ್ಚಿ ಮತ್ತೆ ಕಾವಿಗೆ ಇಡುತ್ತಾರೆ. ನೀವು ಮಡಕೆ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿ ರಾತ್ರಿ ಇಟ್ಟರೆ ಬೆಳಗ್ಗೆ ಮಡಕೆಯೆಲ್ಲ ಮೊಸರಾಗುವ ಹಾಗೆ, ಎರಡು ಮೂರು ದಿನದಲ್ಲಿ ಮೊಟ್ಟೆಯೊಳಗಿನ ದ್ರವವೆಲ್ಲ ವೈರಾಣುವಿನಿಂದ ತುಂಬುತ್ತದೆ.

ಆ ದ್ರವವನ್ನು ತೆಗೆದು ಕೋಳಿಯ ಕೆಂಪು ರಕ್ತಕಣಗಳ ಜೊತೆ ಸೇರಿಸುತ್ತಾರೆ. ಏನೂ ಇಲ್ಲದಿದ್ದರೆ ರಕ್ತಕಣಗಳು ಬಟ್ಟಲಿನ ತಳದಲ್ಲಿ ಗುಂಡಿಯ ಹಾಗೆ ಕೂರುತ್ತವೆ. ರಾಣಿಖೇತ್ ಅಥವಾ ಹಕ್ಕಿಜ್ವರದ ವೈರಾಣು ಇದ್ದರೆ ಕಣಗಳನ್ನು ಒಂದಕ್ಕೊಂದು ಅಂಟಿಸಿ ಚಾಪೆ ಹಾಸಿದಂತೆ ಹರಡಿಬಿಡುತ್ತದೆ. ಈ ಗುಣವನ್ನು 1941ರಲ್ಲಿ ಫ್ಲೂ ವೈರಾಣುವಿನಲ್ಲಿ ಕಂಡುಹಿಡಿಯಲಾಯಿತು. ಇಂದಿಗೂ ಬಳಕೆಯಲ್ಲಿದೆ, ಖರ್ಚೂ ಕಡಿಮೆ. ಇಬ್ಬರೂ ಅಂಟಿಸುವವರೇ ಆದ್ದರಿಂದ ಯಾರು ಎಂದು ತಿಳಿಯಲು, ರಾಣಿಖೇತನ್ನು ಮಾತ್ರ ತಡೆಯುವ ಪ್ರತಿಕಾಯವಿರುವ ರಕ್ತದ ತಿಳಿಯನ್ನು ಸೇರಿಸಿ ನೋಡುತ್ತಾರೆ. ಅಂಟುವುದು ನಿಂತರೆ ರಾಣಿಖೇತ್. ನಿಲ್ಲದಿದ್ದರೆ ಬೇರೆಯದರ ಮೇಲೆ ಅನುಮಾನ.

ಇದಕ್ಕೆ ಹಲವು ದಿನ ಬೇಕು. ಬೇಗ ತಿಳಿಯಲು ಇರುವುದು ಆರ್.ಟಿ.ಪಿ.ಸಿ.ಆರ್. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ನೆನಪು ಎಲ್ಲರಿಗೂ ಇದೆ. ಇದು ಅದೇ ಪರೀಕ್ಷೆ. ವೈರಾಣುವಿನ ಒಳಗಿರುವ ಆರ್.ಎನ್.ಎ. ಎಂಬ ಎಳೆಯನ್ನು ಮೊದಲು ಡಿ.ಎನ್.ಎ. ಪ್ರತಿಯಾಗಿ ಮಾಡಿಕೊಂಡು, ಅದರಲ್ಲಿ ನಮಗೆ ಬೇಕಾದ ಒಂದು ತುಂಡನ್ನು ಮಾತ್ರ ಯಂತ್ರದಲ್ಲಿ ಇಮ್ಮಡಿಗೊಳಿಸುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಮೂವತ್ತು ಸುತ್ತು ಸುತ್ತಿದರೆ ಒಂದೇ ತುಂಡು ನೂರು ಕೋಟಿಗೂ ಮೀರಿದ ತುಂಡುಗಳಾಗುತ್ತದೆ. ಮಾದರಿ ತಲುಪಿದ ಮೇಲೆ ಕೆಲವು ಗಂಟೆಗಳ ಕೆಲಸ. ಆದರೆ ಆ ಎಳೆ ಬಹಳ ನಾಜೂಕು. ಬಿಸಿಲಿನಲ್ಲಿ, ಕೊಳೆತ ದೇಹದಲ್ಲಿ ಅದು ಚೂರು ಚೂರಾಗುತ್ತದೆ. ಆಗ ವೈರಾಣು ಇದ್ದರೂ "ಕಂಡುಬಂದಿಲ್ಲ" ಎಂಬ ವರದಿ ಬರುತ್ತದೆ. ಹಳೇಬೀಡಿನ ಆ ತಾಯಿ ತಂದ ಹೇಂಟೆಯಿಂದ ಪ್ರಯೋಜನವಾಗದೆ ಹೋದದ್ದು ಇದಕ್ಕೇ.

ಅಕ್ಷರ ಓದುವುದು

ರಾಣಿಖೇತ್ ಎಂದು ಗೊತ್ತಾದರೆ ಕೆಲಸ ಮುಗಿಯಿತೇ? ಇಲ್ಲ. ಗಂಟಲಲ್ಲಿ ಸಿಕ್ಕ ವೈರಾಣು ಕೋಳಿಯನ್ನು ಕೊಂದದ್ದೋ, ಅಥವಾ ನಾವೇ ಹಾಕಿದ ಲಸಿಕೆಯದ್ದೋ? ರಾಣಿಖೇತ್ ಲಸಿಕೆಗಳಲ್ಲಿ ಹೆಚ್ಚಿನವು ಜೀವಂತ ವೈರಾಣುಗಳೇ. ಲಸಿಕೆ ಹಾಕಿದ ಕೋಳಿಯ ಗಂಟಲಲ್ಲಿ ಕೆಲವು ದಿನ ಆ ವೈರಾಣು ಇರುತ್ತದೆ, ಪರೀಕ್ಷೆಗೂ ಸಿಗುತ್ತದೆ. ಇವೆರಡನ್ನು ಬೇರೆ ಮಾಡಲು ವೈರಾಣುವಿನ ವಂಶಾಕ್ಷರಗಳನ್ನೇ ಓದಬೇಕು.

ರಾಣಿಖೇತ್ ವೈರಾಣುವಿನ ಎಳೆಯಲ್ಲಿ ಸುಮಾರು 15,200 ಅಕ್ಷರಗಳಿವೆ. ಅಕ್ಷರ ಎಂದರೆ ನಾಲ್ಕೇ ನಾಲ್ಕು ಬಗೆಯ ರಾಸಾಯನಿಕ ಮಣಿಗಳು, ಅವೇ ತಿರುಗಾ ಮುರುಗಾ ಪೋಣಿಸಲ್ಪಟ್ಟಿವೆ. ಮೂರು ಮೂರು ಅಕ್ಷರ ಸೇರಿ ಒಂದು ಪದವಿದ್ದಂತೆ. ಅದನ್ನೆಲ್ಲ ಓದುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಎಫ್ ಎಂಬ ಜೀನಿನಲ್ಲಿ 112ರಿಂದ 117ರವರೆಗಿನ ಆರು ಪದಗಳನ್ನು ಓದಿದರೆ ವೈರಾಣುವಿನ ಸ್ವಭಾವದ ಬಹುಪಾಲು ತಿಳಿಯುತ್ತದೆ.

ಕಾರಣ ಇಷ್ಟು. ಎಫ್ ಎಂಬ ಪ್ರೋಟೀನು ವೈರಾಣುವಿಗೆ ಜೀವಕೋಶದ ಬಾಗಿಲು ತೆರೆಯುವ ಬೀಗದ ಕೈ. ಆದರೆ ಅದು ಮಡಚಿಟ್ಟ ಕೈ. ಕೋಳಿಯ ದೇಹದ ಯಾವುದಾದರೂ ಕಿಣ್ವ ಅದನ್ನು ಒಂದು ಕಡೆ ಕತ್ತರಿಸಿಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ. ಸೌಮ್ಯ ವೈರಾಣುವಿನ ಆ ಜಾಗವನ್ನು ಕತ್ತರಿಸಬಲ್ಲ ಕಿಣ್ವ ಇರುವುದು ಶ್ವಾಸನಾಳ ಮತ್ತು ಕರುಳಿನಲ್ಲಿ ಮಾತ್ರ. ಹೀಗಾಗಿ ಅದು ಅಲ್ಲಿಯೇ ಉಳಿದು ಸ್ವಲ್ಪ ಸೀನಿಸಿ ಹೋಗುತ್ತದೆ. ಮಾರಕ ವೈರಾಣುವಿನಲ್ಲಿ ಆ ಜಾಗದಲ್ಲಿ ಆರ್ಜಿನಿನ್, ಲೈಸಿನ್ ಎಂಬ ಅಮೈನೋ ಆಮ್ಲಗಳು ಒತ್ತಾಗಿ ಬಂದಿರುತ್ತವೆ, 117ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಫಿನೈಲಲನಿನ್ ಇರುತ್ತದೆ. ಇಂತಹದನ್ನು ದೇಹದ ಎಲ್ಲ ಅಂಗಗಳಲ್ಲಿರುವ ಇನ್ನೊಂದು ಕಿಣ್ವ ಕತ್ತರಿಸಬಲ್ಲದು. ಆಗ ವೈರಾಣು ಮೆದುಳಿಗೂ ಹೋಗುತ್ತದೆ, ಗುಲ್ಮಕ್ಕೂ ಹೋಗುತ್ತದೆ. ಕತ್ತು ತಿರುಚುವುದು ಇದರಿಂದಲೇ. ಬರವಣಿಗೆಯಲ್ಲಿ ಹಾಲು ಹಾಳಾಗಲು ಒಂದು ಅಕ್ಷರ ಸಾಕಲ್ಲವೇ, ಇಲ್ಲಿಯೂ ಕೆಲವೇ ಅಕ್ಷರಗಳ ಅಂತರ.

ಈ ಅಂತರ ದಾಟುವುದೂ ಉಂಟು. ಆಸ್ಟ್ರೇಲಿಯದಲ್ಲಿ 1998ರಿಂದ 2000ದವರೆಗೆ ಬಂದ ರಾಣಿಖೇತ್ ಹೊರದೇಶದಿಂದ ಬಂದದ್ದಲ್ಲ, ಅಲ್ಲಿನ ಕೋಳಿಗಳಲ್ಲಿ ಸದ್ದಿಲ್ಲದೆ ಇದ್ದ ಸೌಮ್ಯ ವೈರಾಣುವೇ ಈ ಜಾಗದ ಅಕ್ಷರ ಬದಲಾಗಿ ಮಾರಕವಾದದ್ದು ಎಂದು ಅಕ್ಷರ ಓದಿದ ಮೇಲೆಯೇ ತಿಳಿಯಿತು.

ಇಲ್ಲಿ ನಮ್ಮ ರಾಜ್ಯದವರು ಗಮನಿಸಬೇಕಾದ ಒಂದು ತೊಡಕಿದೆ. ನಾವು ಬಳಸುವ ಲಸಿಕೆಗಳಲ್ಲಿ ಎಫ್ ತಳಿ ಮತ್ತು ಲಸೋಟಾ ತಳಿ ಸೌಮ್ಯವಾದವು. (ಲಸೋಟಾ ಎಂಬುದು ಅಮೆರಿಕದ ನ್ಯೂಜೆರ್ಸಿಯ ಒಬ್ಬ ಕೋಳಿ ಸಾಕಣೆದಾರರ ಮನೆತನದ ಹೆಸರು, ಅವರ ಫಾರಂನಿಂದ 1946ರಲ್ಲಿ ಸಿಕ್ಕ ವೈರಾಣು ಇಂದು ಲೋಕದ ಎಲ್ಲ ಕೋಳಿಗಳ ಮೂಗಿಗೆ ಬೀಳುತ್ತಿದೆ!) ಆದರೆ ರೆಕ್ಕೆಯ ಬಳಿ ಚರ್ಮದಡಿಗೆ ಚುಚ್ಚುವ ಆರ್2ಬಿ ತಳಿ, 1940ರ ದಶಕದಲ್ಲಿ ಮುಕ್ತೇಶ್ವರದ ನಮ್ಮದೇ ಸಂಸ್ಥೆಯಲ್ಲಿ ತಯಾರಾದದ್ದು, ಮಧ್ಯಮ ತೀಕ್ಷ್ಣತೆಯದು. ಅದರ ಆ ಆರು ಪದಗಳನ್ನು ಓದಿದರೆ ಮಾರಕ ವೈರಾಣುವಿನ ಹಾಗೆಯೇ ಕಾಣುತ್ತವೆ! ಆರ್2ಬಿ ಹಾಕಿದ ವಾರದಲ್ಲಿ ಕೋಳಿ ಬೇರೆ ಯಾವುದೋ ಕಾರಣಕ್ಕೆ ಸತ್ತು, ಲಸಿಕೆಯ ಮಾತನ್ನು ಚೀಟಿಯಲ್ಲಿ ಬರೆಯದೆ ಮಾದರಿ ಕಳಿಸಿದರೆ ಪ್ರಯೋಗಾಲಯದವರು ದಾರಿ ತಪ್ಪಬಹುದು. ಆದ್ದರಿಂದ ಯಾವ ಲಸಿಕೆ, ಯಾವ ದಿನ ಎಂಬುದು ಚೀಟಿಯಲ್ಲಿ ಇರಲೇಬೇಕು. ಜೊತೆಗೆ ಆರು ಪದ ಬಿಟ್ಟು ಜೀನಿನ ಉಳಿದ ಭಾಗವನ್ನೂ ಓದಿ ವಂಶ ನೋಡುತ್ತಾರೆ. ಪಹಣಿ ನೋಡಿ ಜಮೀನು ಯಾರ ಖಾತೆಯದೆಂದು ಹೇಳುವಂತೆ, ಈ ವೈರಾಣು ಯಾವ ಗುಂಪಿನದೆಂದು ಆಗ ತಿಳಿಯುತ್ತದೆ. ಲಸೋಟಾ 2ನೇ ಗುಂಪು, ಆರ್2ಬಿ 3ನೇ ಗುಂಪು. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸತ್ತ ಕೋಳಿಗಳಿಂದ ಬೇರ್ಪಡಿಸಿದವುಗಳಲ್ಲಿ 13ನೇ ಗುಂಪಿನವು ಹೆಚ್ಚಾಗಿ ಸಿಕ್ಕಿವೆ, 7ನೇ ಗುಂಪಿನವೂ ಇವೆ.

ಗುಂಪು ಬೇರೆಯಾದರೆ ಹಳೆಯ ಲಸಿಕೆ ನಡೆಯುತ್ತದೆಯೇ ಎಂದು ಬುದ್ಧಿವಂತ ಸದಸ್ಯರು ಕೇಳುತ್ತಾರೆ. ನಡೆಯುತ್ತದೆ. ಗುಂಪು ಎಷ್ಟೇ ಇದ್ದರೂ ರಾಣಿಖೇತ್ ವೈರಾಣುಗಳೆಲ್ಲ ಪ್ರತಿಕಾಯಗಳ ದೃಷ್ಟಿಯಲ್ಲಿ ಒಂದೇ ಬಗೆ. ಸರಿಯಾಗಿ ಲಸಿಕೆ ಬಿದ್ದ ಕೋಳಿ ಸಾಯದೆ ಉಳಿಯುತ್ತದೆ. ಆದರೆ ಅದರ ಗಂಟಲಲ್ಲಿ ಹೊರಗಿನ ವೈರಾಣು ಸ್ವಲ್ಪ ಕಾಲ ಬೆಳೆದು, ಲಸಿಕೆ ಹಾಕದ ಪಕ್ಕದ ಮನೆಯ ಕೋಳಿಗೆ ಹರಡಬಲ್ಲದು. ನನ್ನ ಕೋಳಿಗೆ ಹಾಕಿಸಿದ್ದೇನೆ, ಊರಿನದು ನನಗೇಕೆ ಎಂದರೆ ನಡೆಯದು.

ಹಕ್ಕಿಜ್ವರ ಮತ್ತು ಹಸು

ಭಾರತದಲ್ಲಿ ಹಕ್ಕಿಜ್ವರದ ಎಚ್5ಎನ್1 ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಕರ್ನಾಟಕಕ್ಕೆ ಬಂದದ್ದು 2012ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಕೇಂದ್ರದ ಟರ್ಕಿ ಕೋಳಿಗಳಲ್ಲಿ. ಆಮೇಲೆ 2018ರ ಜನವರಿಯಲ್ಲಿ ಬೆಂಗಳೂರಿನ ದಾಸರಹಳ್ಳಿ, 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ಹರಿಹರ ತಾಲ್ಲೂಕಿನ ಬನ್ನಿಕೋಡು ಸುತ್ತಿನ ಕಡೆ, 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳು. ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಬಂದದ್ದು ನಮ್ಮ ನಿಮ್ಮಂತೆ ಮನೆಯಲ್ಲಿ ಸಾಕಿದ ಕೋಳಿಗಳಿಗೆ. ಕೊನೆಯ ತೀರ್ಪು ಪ್ರತಿ ಸಾರಿಯೂ ಭೋಪಾಲದ ಅತಿ ಸುರಕ್ಷತಾ ಪ್ರಾಣಿರೋಗ ಪ್ರಯೋಗಾಲಯದಿಂದಲೇ ಬರಬೇಕು. ಈ ವೈರಾಣುವಿಗೂ ಕತ್ತರಿಸುವ ಜಾಗ ಇದೆ, ಅಲ್ಲಿಯೂ ಅಕ್ಷರ ಓದಿಯೇ ತೀವ್ರತೆ ಹೇಳುತ್ತಾರೆ. ಕಾಡು ಬಾತು ಮುಂತಾದ ನೀರುಹಕ್ಕಿಗಳು ಇದರ ಮೂಲ ಆಶ್ರಯ. ಹಳೇಬೀಡಿನ ಕೆರೆಯ ದಡದಲ್ಲಿ, ಯಗಚಿ ಹಿನ್ನೀರಿನ ಅಂಚಿನಲ್ಲಿ ಕೋಳಿ ಮೇಯಲು ಬಿಡುವ ಮನೆಯವರು ಇದನ್ನು ಮನಸ್ಸಿನಲ್ಲಿಡಬೇಕು.

ಹಾಲು ಉತ್ಪಾದಕರಾದ ನಮಗೆ ಹೆಚ್ಚು ಹತ್ತಿರದ ಸುದ್ದಿ ಅಮೆರಿಕದ್ದು. 2024ರ ಆರಂಭದಲ್ಲಿ ಟೆಕ್ಸಾಸ್ ಕಡೆಯ ಡೇರಿ ಹಸುಗಳಲ್ಲಿ ಇದ್ದಕ್ಕಿದ್ದಂತೆ ಹಾಲು ಇಳಿಯಿತು, ಮೇವು ಬಿಟ್ಟವು, ಕೆಲವು ಹಸುಗಳ ಹಾಲು ಗಿಣ್ಣಿನಂತೆ ದಪ್ಪಗಾಯಿತು. ಆ ಹಾಲು ಕುಡಿದ ಕೊಟ್ಟಿಗೆಯ ಬೆಕ್ಕುಗಳು ಸತ್ತವು. ಮಾರ್ಚ್ 25ರಂದು ಅದು ಹಕ್ಕಿಜ್ವರದ ಎಚ್5ಎನ್1 ಎಂದು ಪ್ರಕಟವಾಯಿತು. ಹಸುವಿನ ಕೆಚ್ಚಲಲ್ಲಿ ಹಕ್ಕಿಯ ವೈರಾಣು ಬೆಳೆಯುತ್ತದೆಂದು ಅಲ್ಲಿಯವರೆಗೆ ಯಾರೂ ಎಣಿಸಿರಲಿಲ್ಲ. ಹಲವು ರಾಜ್ಯಗಳ ಹಸುಗಳಿಂದ ಸಿಕ್ಕ ವೈರಾಣುವಿನ ಅಕ್ಷರ ಓದಿ ಹೋಲಿಸಿದಾಗ, ಹಕ್ಕಿಯಿಂದ ಹಸುವಿಗೆ ಒಂದು ಸಲ ದಾಟಿ, ಆ ನಂತರ ಹಸುವಿನಿಂದ ಹಸುವಿಗೆ ಹರಡಿದೆ ಎಂದು ಗೊತ್ತಾಯಿತು. ಅಂದರೆ ತಡೆಯಬೇಕಾದದ್ದು ಹಕ್ಕಿಯನ್ನಷ್ಟೇ ಅಲ್ಲ, ಹಸು ಸಾಗಿಸುವುದನ್ನು ಮತ್ತು ಹಾಲು ಕರೆಯುವ ಯಂತ್ರದ ಕೊಳೆಯನ್ನು. 2025ರಲ್ಲಿ ನೆವಾಡಾ ರಾಜ್ಯದ ಹಸುಗಳಲ್ಲಿ ಸಿಕ್ಕದ್ದು ಬೇರೆ ಬಗೆಯದಾಗಿತ್ತು. ಹಕ್ಕಿಯಿಂದ ಇನ್ನೊಮ್ಮೆ ಪ್ರತ್ಯೇಕವಾಗಿ ದಾಟಿದೆ ಎಂಬುದೂ ಹೀಗೆಯೇ ತಿಳಿದದ್ದು.

ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಪಾಶ್ಚರೀಕರಣದಲ್ಲೂ ಮನೆಯಲ್ಲಿ ಉಕ್ಕಿಸಿ ಕಾಯಿಸಿದಾಗಲೂ ಈ ವೈರಾಣು ನಾಶವಾಗುತ್ತದೆ. ಹಸಿ ಹಾಲು ಕುಡಿಯುವ ಅಭ್ಯಾಸವಿದ್ದರೆ ಬಿಡಿ. ಕೋಳಿಯನ್ನು ರಾತ್ರಿ ಕೊಟ್ಟಿಗೆಯ ಅಟ್ಟದ ಮೇಲೆ ಕೂರಿಸುವುದು, ಅದು ಗೋದಲಿಯಲ್ಲಿ, ಹಿಂಡಿ ಬಕೆಟ್ಟಿನ ಅಂಚಿನಲ್ಲಿ ಹಿಕ್ಕೆ ಹಾಕುವುದು ನಮ್ಮ ಕಡೆ ಸಾಮಾನ್ಯ. ಅದಕ್ಕೆ ಬೇರೆ ಗೂಡು ಮಾಡಿಕೊಡಿ. ರಾಣಿಖೇತ್ ರೋಗ ಹಸುವಿಗೆ ಬರುವುದಿಲ್ಲ. ಮನುಷ್ಯರಿಗೆ, ಮುಖ್ಯವಾಗಿ ಲಸಿಕೆ ಹಾಕುವವರಿಗೆ, ಕಣ್ಣಿಗೆ ಸಿಡಿದರೆ ಕೆಲವು ದಿನ ಕಣ್ಣು ಕೆಂಪಾಗಬಹುದು, ಅಷ್ಟೇ.

ನೀವು ಮಾಡಬೇಕಾದದ್ದು

ಒಂದೆರಡು ಕೋಳಿ ಗೊರಕೆ ಹೊಡೆದು ಮೂಲೆ ಹಿಡಿದಾಗಲೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸಂಘದ ಕಾರ್ಯದರ್ಶಿಯವರ ಮೂಲಕ ಹೇಳಿ ಕಳಿಸಿದರೂ ಸರಿಯೇ. ಬದುಕಿರುವ ರೋಗದ ಕೋಳಿಯ ಗಂಟಲಿನಿಂದ ತೆಗೆದ ಮಾದರಿಯಷ್ಟು ಒಳ್ಳೆಯದು ಬೇರಿಲ್ಲ. ಒಮ್ಮೆಲೇ ಹಲವು ಕೋಳಿ ಸತ್ತಿದ್ದರೆ, ಅಥವಾ ಕಾಗೆ, ಬಾತು, ನವಿಲು ಸಹ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಬಸ್ಸಿನಲ್ಲಿ ಹೊತ್ತು ತರಬೇಡಿ. ಪಶುವೈದ್ಯರೇ ಅಲ್ಲಿಗೆ ಬಂದು ತಕ್ಕ ಉಡುಪು ಧರಿಸಿ ಮಾದರಿ ತೆಗೆಯುತ್ತಾರೆ. ಮಾದರಿ ಐಸ್ ಪೆಟ್ಟಿಗೆಯಲ್ಲಿ ಹೋಗಬೇಕು. ಅರಸೀಕೆರೆಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಅರ್ಧ ದಿನ ಹೊರಗಿದ್ದರೆ ಅದನ್ನು ಹೊರುವ ಶ್ರಮವೂ ದಂಡ. ಹಾಸನದ ಪಶುವೈದ್ಯಕೀಯ ಮಹಾವಿದ್ಯಾಲಯ 2007ರಲ್ಲಿ ಆರಂಭವಾದಂದಿನಿಂದ ಶವಪರೀಕ್ಷೆಗೆ ಜಿಲ್ಲೆಯಲ್ಲೇ ಅನುಕೂಲವಾಗಿದೆ. ವೈರಾಣು ಪರೀಕ್ಷೆಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸಲಾಗುತ್ತದೆ. ಚೀಟಿಯಲ್ಲಿ ಎಷ್ಟು ಕೋಳಿ ಇದ್ದವು, ಎಷ್ಟು ಸತ್ತವು, ಮೊದಲನೆಯದು ಸತ್ತ ದಿನ, ಲಸಿಕೆಯ ಹೆಸರು ಮತ್ತು ದಿನ, ಇತ್ತೀಚೆಗೆ ಹೊರಗಿನಿಂದ ತಂದ ಕೋಳಿ ಇದ್ದರೆ ಅದು ಯಾವ ಸಂತೆಯದು, ಇಷ್ಟನ್ನು ಮರೆಯದೆ ಹೇಳಿ ಬರೆಸಿ.

ಸಂತೆಗೆ ಹೊಡೆಯುವ ಮಾತು ಬಂತು. ನಷ್ಟವಾಗುವ ಮೊದಲು ಸಿಕ್ಕಷ್ಟಕ್ಕೆ ಮಾರಿಬಿಡೋಣ ಎನ್ನುವುದು ಮನುಷ್ಯ ಸಹಜ. ಆದರೆ ಅಲ್ಲಿ ಅದನ್ನು ಕೊಳ್ಳುವವರು ಪಕ್ಕದ ಊರಿನ ಇನ್ನೊಬ್ಬ ಸದಸ್ಯರು, ಕೆಲವು ಸಲ ನಿಮ್ಮದೇ ಬೀಗರು. ಅಲ್ಲದೆ 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣ ಕಾಯಿದೆಯ ಪ್ರಕಾರ ಇಂತಹ ರೋಗದ ಅನುಮಾನ ಬಂದಾಗ ತಿಳಿಸುವುದು ಮಾಲೀಕರ ಕರ್ತವ್ಯ. ಹಕ್ಕಿಜ್ವರ ಖಚಿತವಾದರೆ ಸುತ್ತ 1 ಕಿ.ಮೀ. ಒಳಗಿನ ಕೋಳಿಗಳನ್ನು ಸರ್ಕಾರವೇ ತೆಗೆದು ಪರಿಹಾರ ಕೊಡುತ್ತದೆ, 10 ಕಿ.ಮೀ.ವರೆಗೆ ನಿಗಾ ಇಡುತ್ತದೆ. ಪರಿಹಾರ ಸಿಗುವುದು ಸರ್ಕಾರ ತೆಗೆದ ಜೀವಂತ ಕೋಳಿಗೆ. ಅದಕ್ಕೆ ಮೊದಲೇ ಸತ್ತು ಹೋದದ್ದಕ್ಕಲ್ಲ. ಮುಚ್ಚಿಟ್ಟಷ್ಟು ದಿನವೂ ಪರಿಹಾರದ ಲೆಕ್ಕದಲ್ಲಿ ನಷ್ಟವೇ. ಸತ್ತವನ್ನು ಕೆರೆಗೆ, ಚಾನಲ್‌ಗೆ ಎಸೆಯದೆ ನಾಯಿ ತೋಡಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ.

ಲಸಿಕೆಯ ವಿಷಯದಲ್ಲಿ ನಮ್ಮ ಊರುಗಳ ನಿಜವಾದ ತೊಂದರೆ ಬೇರೆ. ಆರ್2ಬಿ ಸೀಸೆ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಬರುತ್ತದೆ. ಒಂದು ಮನೆಯಲ್ಲಿ ಇರುವುದು ಹತ್ತು. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಐಸಿನ ಮೇಲಿರಬೇಕು. ಒಬ್ಬೊಬ್ಬರೇ ಬಂದು ಕೇಳಿದರೆ ಉಳಿದ ತೊಂಬತ್ತು ಡೋಸು ಚರಂಡಿಗೆ. ಇದಕ್ಕೆ ಹಾಲು ಸಂಘಕ್ಕಿಂತ ಒಳ್ಳೆಯ ಏರ್ಪಾಡು ನನಗೆ ತೋಚುವುದಿಲ್ಲ. ದಿನಕ್ಕೆ ಎರಡು ಸಲ ಊರಿನ ಎಲ್ಲ ಮನೆಯವರೂ ಸೇರುವ ಜಾಗ ಅದೊಂದೇ. ಕಾರ್ಯದರ್ಶಿಯವರು ಹಾಲು ಅಳೆಯುವಾಗಲೇ ಯಾರ ಮನೆಯಲ್ಲಿ ಎಷ್ಟು ಕೋಳಿ ಎಂದು ಒಂದು ಪುಸ್ತಕದಲ್ಲಿ ಬರೆದುಕೊಂಡು, ನೂರು ತುಂಬಿದಾಗ ಪಶು ಆಸ್ಪತ್ರೆಗೆ ತಿಳಿಸಿದರೆ ದಿನ ಗೊತ್ತು ಮಾಡಬಹುದು. ಬೇಸಿಗೆ ಕಾಲಿಡುವ ಮೊದಲೇ, ಜನವರಿಯಲ್ಲೇ ಇದು ಆಗಬೇಕು. ಕೋಳಿ ಹಿಡಿಯಲು ಬೆಳಗಿನ ಜಾವ, ಅವು ಇನ್ನೂ ಕುಕ್ಕೆಯಡಿ ಇರುವಾಗಲೇ ಅನುಕೂಲ; ಬೆಳಗಿನ ಹಾಲು ಹಾಕಿ ಬರುವುದರೊಳಗೆ ಬೀದಿಯೊಂದು ಮುಗಿಯುತ್ತದೆ.

ಮರಿಗಳಿಗೆ 5ರಿಂದ 7 ದಿನದ ವಯಸ್ಸಿನಲ್ಲಿ ಎಫ್ ಅಥವಾ ಲಸೋಟಾ, ಕಣ್ಣಿಗೋ ಮೂಗಿಗೋ ಒಂದು ತೊಟ್ಟು. ಆರ್2ಬಿ 8 ವಾರ ತುಂಬಿದ ಮೇಲೆ, 0.5 ಮಿ.ಲೀ. ಚರ್ಮದಡಿಗೆ. ಎಳೆಯ ಮರಿಗೆ ಇದನ್ನು ಹಾಕಿದರೆ ಲಸಿಕೆಯೇ ರೋಗ ತರಬಹುದು. ಮೊಟ್ಟೆ ಇಡುತ್ತಿರುವ ಹೇಂಟೆಗೆ ಹಾಕಿದರೆ ಕೆಲವು ದಿನ ಮೊಟ್ಟೆ ಕಡಿಮೆಯಾಗುತ್ತದೆ, ಹೆದರಬೇಡಿ. ಹಾಕುವ ವಾರದ ಮೊದಲು ಜಂತುನಾಶಕ ಕೊಟ್ಟಿದ್ದರೆ ಒಳ್ಳೆಯದು. ಲಸಿಕೆ ಫಲ ಕೊಡಲು ಸುಮಾರು ಎರಡು ವಾರ ಬೇಕು. ಆಗಲೇ ತೂಕಡಿಸುತ್ತಿರುವ ಕೋಳಿಗೆ ಹಾಕಿ ಪ್ರಯೋಜನವಿಲ್ಲ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ವಾರ ಬೇರೆ ಕುಕ್ಕೆಯಡಿ ಇಟ್ಟು ಆಮೇಲೆ ಬಿಡಿ. ಗಿರಿರಾಜ, ಸ್ವರ್ಣಧಾರಾ ಮರಿ ತರುವವರು ಕೊಡುವ ಜಾಗದಲ್ಲೇ ಯಾವ ಲಸಿಕೆ ಆಗಿದೆ ಎಂದು ಕೇಳಿ ಬರೆಸಿಕೊಳ್ಳಿ.

ಹಳೇಬೀಡಿನ ಆ ಮನೆಗೆ ಅಂದೇ ಹೋಗಿ, ತೂಕಡಿಸುತ್ತಿದ್ದ ಎರಡು ಕೋಳಿಗಳ ಗಂಟಲಿನಿಂದ ಮಾದರಿ ತೆಗೆದು ಕಳಿಸಿದೆವು. ರಾಣಿಖೇತ್ ಎಂದು ವರದಿ ಬಂತು. ಹಕ್ಕಿಜ್ವರವಲ್ಲವೆಂದು ಖಚಿತವಾದ ಮೇಲೆ ಕೇರಿಯ ಉಳಿದ ಮನೆಗಳ ಕೋಳಿಗಳಿಗೆ ಧೈರ್ಯವಾಗಿ ಲಸಿಕೆ ಹಾಕಿದೆವು. ಸಂತೆಗೆ ಹೋದ ಮೂರು ಕೋಳಿ ಯಾವ ಊರು ಸೇರಿದವೆಂದು ಕೊನೆಗೂ ಗೊತ್ತಾಗಲಿಲ್ಲ.